ಒಳಗಿನವರು ಕೊಟ್ಟರೋ, ಹೊರಗಿನವರು ಕದ್ದರೋ? ಡಿಎನ್‌ಸಿ ಕಡತಗಳ ಸಾಕ್ಷ್ಯವನ್ನು ಓದುವ ಬಗೆ

2016ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಹೊತ್ತಿಗೆ ಡೆಮಾಕ್ರಟಿಕ್ ಪಕ್ಷದ ಸಾವಿರಾರು ಇಮೇಲ್‌ಗಳು ಬಯಲಾದವು. ಇಷ್ಟು ವರ್ಷಗಳಾದರೂ ಒಂದು ಜಗಳ ಮುಗಿದಿಲ್ಲ. ರಷ್ಯಾದ ಗೂಢಚಾರರು ಹೊರಗಿನಿಂದ ನುಗ್ಗಿ ಕದ್ದರು ಎಂದು ಅಮೆರಿಕದ ತನಿಖಾ ಸಂಸ್ಥೆಗಳು ಹೇಳುತ್ತವೆ. ಕಚೇರಿಯ ಒಳಗಿನವರೇ ಯಾರೋ ಪೆನ್ ಡ್ರೈವ್‌ನಲ್ಲಿ ತುಂಬಿಕೊಂಡು ಹೋಗಿ ಕೊಟ್ಟರು ಎಂದು ಇನ್ನು ಕೆಲವರು ವಾದಿಸುತ್ತಾರೆ. ಎರಡೂ ಕಡೆಯವರು ‘ನಮ್ಮ ಹತ್ತಿರ ತಾಂತ್ರಿಕ ಸಾಕ್ಷ್ಯ ಇದೆ’ ಎನ್ನುತ್ತಾರೆ.

ತಂತ್ರಜ್ಞರಲ್ಲದ ನಾವು ಯಾರನ್ನು ನಂಬಬೇಕು? ಗಾಬರಿ ಬೇಡ. ಈ ಸಾಕ್ಷ್ಯಗಳು ಹೇಗೆ ಹುಟ್ಟುತ್ತವೆ, ಏನನ್ನು ಹೇಳಬಲ್ಲವು, ಏನನ್ನು ಹೇಳಲಾರವು ಎಂಬುದು ತಿಳಿದರೆ ಅರ್ಧ ಗೊಂದಲ ತಾನಾಗಿಯೇ ಕರಗುತ್ತದೆ. ಒಂದೊಂದಾಗಿ ನೋಡೋಣ.

ನಡೆದದ್ದು ಏನು?

ಡಿಎನ್‌ಸಿ ಎಂದರೆ ಡೆಮಾಕ್ರಟಿಕ್ ನ್ಯಾಷನಲ್ ಕಮಿಟಿ, ಪಕ್ಷದ ಕೇಂದ್ರ ಸಮಿತಿ. 2015ರ ಸೆಪ್ಟೆಂಬರ್‌ನಲ್ಲೇ ಎಫ್‌ಬಿಐ ಅಧಿಕಾರಿಯೊಬ್ಬರು ಇಲ್ಲಿಗೆ ಫೋನ್ ಮಾಡಿ, ನಿಮ್ಮ ನೆಟ್‌ವರ್ಕ್‌ನೊಳಗೆ ಯಾರೋ ನುಗ್ಗಿರುವಂತಿದೆ ಎಂದು ಎಚ್ಚರಿಸಿದ್ದರು. ಫೋನ್ ಎತ್ತಿದ ತಂತ್ರಜ್ಞರಿಗೆ, ಮಾತಾಡುತ್ತಿರುವುದು ನಿಜವಾಗಿ ಎಫ್‌ಬಿಐಯವರೇ ಎಂಬ ಬಗ್ಗೆಯೇ ಅನುಮಾನವಿತ್ತು. ವಿಷಯ ತಿಂಗಳುಗಟ್ಟಲೆ ಎಳೆಯಿತು.

2016ರ ಏಪ್ರಿಲ್ ಕೊನೆಗೆ ಸಮಿತಿಗೆ ನುಸುಳುವಿಕೆ ಖಚಿತವಾಯಿತು. ಮೇ ತಿಂಗಳಲ್ಲಿ ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಕಂಪನಿಯನ್ನು ಕರೆಸಿದರು. ಜೂನ್ 14ರಂದು ‘ವಾಷಿಂಗ್ಟನ್ ಪೋಸ್ಟ್’ ಸುದ್ದಿ ಪ್ರಕಟಿಸಿತು. ಮರುದಿನವೇ ‘ಗುಸಿಫರ್ 2.0’ ಎಂಬ ಹೆಸರಿನಲ್ಲಿ ಯಾರೋ ಕಾಣಿಸಿಕೊಂಡು, ‘ಇದು ನನ್ನೊಬ್ಬನದೇ ಕೆಲಸ’ ಎಂದು ಹೇಳಿಕೊಂಡು ಕಡತಗಳನ್ನು ಹಂಚತೊಡಗಿದರು.

ಜುಲೈ 22ರಂದು, ಗುಟ್ಟಿನ ಕಡತಗಳನ್ನು ಪ್ರಕಟಿಸುವ ಜಾಲತಾಣ ವಿಕಿಲೀಕ್ಸ್ 19,252 ಇಮೇಲ್‌ಗಳನ್ನು ಹೊರಹಾಕಿತು. ಪಕ್ಷದ ಮಹಾಧಿವೇಶನಕ್ಕೆ ಮೂರೇ ದಿನ ಬಾಕಿ ಇತ್ತು. ಸಮಿತಿಯ ಅಧ್ಯಕ್ಷೆ ಡೆಬ್ಬಿ ವಾಸರ್‌ಮನ್ ಶುಲ್ಟ್ಸ್ ಹುದ್ದೆ ಬಿಡಬೇಕಾಯಿತು. ಅಕ್ಟೋಬರ್ 7ರಿಂದ ಹಿಲರಿ ಕ್ಲಿಂಟನ್ ಅವರ ಪ್ರಚಾರದ ಮುಖ್ಯಸ್ಥ ಜಾನ್ ಪೊಡೆಸ್ಟಾ ಅವರ ಮೇಲ್‌ಗಳೂ ಕಂತು ಕಂತಾಗಿ ಬಂದವು.

ಹ್ಯಾಕ್ ಯಾವುದು, ಲೀಕ್ ಯಾವುದು?

ಹ್ಯಾಕ್ ಎಂದರೆ ಅನುಮತಿ ಇಲ್ಲದವರು ಹೊರಗಿನಿಂದ ನುಗ್ಗಿ ತೆಗೆದುಕೊಂಡು ಹೋಗುವುದು. ಲೀಕ್ ಎಂದರೆ ಒಳಗೆ ಕೆಲಸ ಮಾಡುವವರೇ, ತಮಗಿರುವ ಪ್ರವೇಶ ಬಳಸಿ ಹೊರಗೆ ಕೊಡುವುದು. ಹೊರಬಿದ್ದ ಕಡತ ಎರಡರಲ್ಲೂ ಒಂದೇ ಥರ ಕಾಣುತ್ತದೆ. ಹಾಗಾಗಿ ಕಡತವನ್ನು ಓದಿ ಕಳ್ಳ ಯಾರೆಂದು ಹೇಳಲಾಗದು. ಅದು ಸಾಗಿಬಂದ ದಾರಿಯಲ್ಲಿ ಉಳಿದ ಗುರುತುಗಳನ್ನು ಹುಡುಕಬೇಕು. ಈ ಹುಡುಕಾಟಕ್ಕೆ ಡಿಜಿಟಲ್ ಫೊರೆನ್ಸಿಕ್ಸ್ ಎನ್ನುತ್ತಾರೆ. ಕಂಪ್ಯೂಟರ್‌ನ ಪಂಚನಾಮೆ ಎನ್ನಿ.

ಯಾವ ಯಾವ ಗುರುತು ಸಿಗುತ್ತವೆ?

ಮುಖ್ಯವಾಗಿ ನಾಲ್ಕು.

ಮೊದಲನೆಯದು ಲಾಗ್. ಯಾವ ಯಂತ್ರ, ಎಷ್ಟು ಹೊತ್ತಿಗೆ, ಯಾವ ಯಂತ್ರದ ಜೊತೆ ಸಂಪರ್ಕ ಮಾಡಿತು ಎಂದು ಸರ್ವರ್ ತಾನೇ ಬರೆದಿಟ್ಟುಕೊಳ್ಳುವ ದಿನಚರಿ ಇದು.

ಎರಡನೆಯದು ಮಾಲ್‌ವೇರ್, ಅಂದರೆ ನುಸುಳಿದವರು ಬಿಟ್ಟುಹೋದ ಕಳ್ಳ ತಂತ್ರಾಂಶ. ಅದು ಯಾವ ವಿಳಾಸಕ್ಕೆ ಮಾಹಿತಿ ಕಳಿಸುತ್ತಿತ್ತು ಎಂಬುದು ಅದರ ಸಂಕೇತದೊಳಗೇ ಇರುತ್ತದೆ.

ಮೂರನೆಯದು ಮೆಟಾಡೇಟಾ. ಕಡತದ ಬಗೆಗಿನ ವಿವರ ಇದು: ಯಾರ ಹೆಸರಿನಲ್ಲಿ ಉಳಿಸಿದ್ದು, ಯಾವಾಗ ಬದಲಾದದ್ದು, ಯಾವ ಭಾಷೆಯ ಯಂತ್ರದಲ್ಲಿ ತೆರೆದದ್ದು.

ನಾಲ್ಕನೆಯದು ಡಿಕಿಮ್. ಇಮೇಲ್ ಕಳಿಸುವ ಸರ್ವರ್ ಪ್ರತಿ ಮೇಲ್‌ಗೂ ಹಾಕುವ ಗಣಿತದ ಮೊಹರು ಇದು. ಮೇಲ್‌ನಲ್ಲಿ ಒಂದಕ್ಷರ ತಿದ್ದಿದರೂ ಮೊಹರು ಒಡೆಯುತ್ತದೆ. ಪೊಡೆಸ್ಟಾ ಅವರ ಅನೇಕ ಮೇಲ್‌ಗಳ ಮೊಹರನ್ನು ಪರಿಣತರು ಪರೀಕ್ಷಿಸಿ, ಅವು ಅಸಲಿ ಎಂದು ತೋರಿಸಿದರು. ಆದರೆ ಮೊಹರು ಹೇಳುವುದು ಮೇಲ್ ಅಸಲಿ ಎಂದಷ್ಟೇ. ಕದ್ದವರು ಯಾರು ಎಂದು ಅದು ಹೇಳುವುದಿಲ್ಲ.

ಈ ನಾಲ್ಕರಲ್ಲಿ ಮೆಟಾಡೇಟಾ ತೀರಾ ಸಡಿಲ. ಯಾರು ಬೇಕಾದರೂ ತಿದ್ದಬಹುದು. ಯಂತ್ರದ ಗಡಿಯಾರ ಬದಲಿಸಿದರೆ ಸಾಕು, ಕಡತದ ಹೊತ್ತೂ ಬದಲಾಗುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

‘ಒಳಗಿನ ಕೈ’ ಎಂಬ ವಾದ ಹುಟ್ಟಿದ್ದು ಹೇಗೆ?

2017ರ ಜುಲೈ 24ರಂದು, ಅಮೆರಿಕದ ಮಾಜಿ ಗುಪ್ತಚರರ ‘ವಿಪ್ಸ್’ ಎಂಬ ಗುಂಪು ಒಂದು ಬಹಿರಂಗ ಪತ್ರ ಬರೆಯಿತು. ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎಯಲ್ಲಿ ದೊಡ್ಡ ತಾಂತ್ರಿಕ ಹುದ್ದೆಯಲ್ಲಿದ್ದ ವಿಲಿಯಂ ಬಿನ್ನಿ ಇದರಲ್ಲಿದ್ದರು. ಅವರು ಆಧಾರ ಮಾಡಿಕೊಂಡದ್ದು ‘ಫೊರೆನ್ಸಿಕೇಟರ್’ ಎಂಬ ಗುಪ್ತನಾಮದವರ ವಿಶ್ಲೇಷಣೆಯನ್ನು.

ಅದರ ತಿರುಳು ಹೀಗಿದೆ. ಗುಸಿಫರ್ 2.0, 2016ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಸಮ್ಮೇಳನವೊಂದರ ಹೊತ್ತಿಗೆ ‘ಎನ್‌ಜಿಪಿ ವ್ಯಾನ್’ ಎಂಬ ಹೆಸರಿನ ಕಡತಗಳ ಒಂದು ಕಟ್ಟನ್ನು ಹಂಚಿದ್ದರು. ಅದರೊಳಗಿನ ಕಡತಗಳೆಲ್ಲ 2016ರ ಜುಲೈ 5ರಂದು, ಕೆಲವೇ ನಿಮಿಷಗಳ ಅಂತರದಲ್ಲಿ ನಕಲಾಗಿದ್ದವು. 1,976 ಎಂಬಿಯಷ್ಟು ದತ್ತಾಂಶ 87 ಸೆಕೆಂಡುಗಳಲ್ಲಿ ಸಾಗಿತ್ತು. ಭಾಗಿಸಿ ನೋಡಿ, ಸೆಕೆಂಡಿಗೆ 22.7 ಎಂಬಿ. ಸಾಗರದಾಚೆಗೆ ಇಂಟರ್ನೆಟ್‌ನಲ್ಲಿ ಇಷ್ಟು ವೇಗ ಸಿಗದು, ಪೆನ್ ಡ್ರೈವ್‌ಗೆ ನಕಲು ಮಾಡಿದರೆ ಸಿಗುತ್ತದೆ, ಆದ್ದರಿಂದ ಇದು ಒಳಗಿನವರ ಕೆಲಸ ಎಂಬುದು ವಾದ.

ಇನ್ನೊಂದು ಎಳೆಯೂ ಇತ್ತು. ಆ ಕಟ್ಟಿನ ಹೊರಪದರ ‘ಸೆವೆನ್ ಜಿಪ್’ ರೂಪದ್ದು. ಅದು ಹೊತ್ತನ್ನು ವಿಶ್ವಮಾನ ಸಮಯದಲ್ಲಿ ಬರೆದಿಡುತ್ತದೆ. ಒಳಗಿನ ಕಟ್ಟುಗಳು ಹಳೆಯ ‘ರಾರ್’ ರೂಪದವು. ಅವು ಆಯಾ ಯಂತ್ರದ ಸ್ಥಳೀಯ ಸಮಯವನ್ನು ಬರೆದಿಡುತ್ತವೆ. ಎರಡನ್ನೂ ಹೋಲಿಸಿದಾಗ, ಯಂತ್ರ ಅಮೆರಿಕದ ಪೂರ್ವ ಕರಾವಳಿಯ ಸಮಯದಲ್ಲಿ ಓಡುತ್ತಿತ್ತು ಎಂದು ತೋರಿತು. ವಾಷಿಂಗ್ಟನ್ ಇರುವುದು ಅದೇ ಸಮಯ ವಲಯದಲ್ಲಿ.

ಲೆಕ್ಕದಲ್ಲಿ ತಪ್ಪಿಲ್ಲ. ಹಾಗಾದರೆ ತೀರ್ಮಾನದಲ್ಲಿ ತೊಡಕೆಲ್ಲಿದೆ?

ನೀವೇ ಪರೀಕ್ಷೆ ಮಾಡಿ ನೋಡಿ

ನಿಮ್ಮ ಮನೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಕಳೆದ ವರ್ಷದ ಒಂದು ಫೋಟೋ ಆರಿಸಿ. ಅದನ್ನು ಪೆನ್ ಡ್ರೈವ್‌ಗೆ ಕಾಪಿ ಮಾಡಿ. ನಕಲಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ತೆರೆಯಿರಿ. ‘ಮಾಡಿಫೈಡ್’ ಎಂಬಲ್ಲಿ ಹಳೆಯ ದಿನಾಂಕವೇ ಇರುತ್ತದೆ. ‘ಕ್ರಿಯೇಟೆಡ್’ ಎಂಬಲ್ಲಿ ಇಂದಿನ ದಿನಾಂಕ ಬಂದಿರುತ್ತದೆ. ಅಂದರೆ ಹುಟ್ಟಿದ ದಿನ ಬದಲಾದ ದಿನಕ್ಕಿಂತ ಈಚಿನದು! ವಿಚಿತ್ರ ಅನ್ನಿಸಿದರೂ ಕಂಪ್ಯೂಟರ್ ತಪ್ಪು ಹೇಳುತ್ತಿಲ್ಲ. ಈ ನಕಲು ಹುಟ್ಟಿದ್ದು ಇವತ್ತೇ ತಾನೆ?

ಲಿನಕ್ಸ್ ಯಂತ್ರದಲ್ಲಿ ಮಾಮೂಲಿ ಕಾಪಿ ಆದೇಶ ಕೊಟ್ಟರೆ ‘ಮಾಡಿಫೈಡ್’ ದಿನಾಂಕವೂ ನಕಲಿನ ಹೊತ್ತಿಗೇ ಬದಲಾಗುತ್ತದೆ. ಎನ್‌ಜಿಪಿ ವ್ಯಾನ್ ಕಟ್ಟಿನಲ್ಲಿ ಆಗಿರುವುದು ಇದೇ ಎಂದು ಫೊರೆನ್ಸಿಕೇಟರ್ ಕೂಡ ಊಹಿಸಿದ್ದರು. ಆ ನಕಲನ್ನು ನಾಳೆ ಮತ್ತೆ ಅದೇ ಬಗೆಯಲ್ಲಿ ಇನ್ನೊಂದು ಡಿಸ್ಕ್‌ಗೆ ಹಾಕಿದರೆ ನಾಳೆಯ ಹೊತ್ತು ಬೀಳುತ್ತದೆ, ಇವತ್ತಿನದು ಅಳಿಸಿಹೋಗುತ್ತದೆ.

ಎಪಿಎಂಸಿ ಯಾರ್ಡಿನ ತೂಕದ ಚೀಟಿಯಂತೆ ಇದು. ಚೀಲ ತಕ್ಕಡಿ ಏರಿದ ಹೊತ್ತು ಅದರಲ್ಲಿರುತ್ತದೆ. ತೋಟದಿಂದ ಯಾವಾಗ ಹೊರಟಿತು ಎಂಬುದು ಇರುವುದಿಲ್ಲ.

ಈಗ ವಿಪ್ಸ್ ವಾದಕ್ಕೆ ಬಂದ ಆಕ್ಷೇಪಗಳನ್ನು ನೋಡಿ.

ಒಂದು, ಜುಲೈ 5ರ ಹೊತ್ತು ಕೊನೆಯ ನಕಲಿನದು. ಕಳ್ಳರು ಮೊದಲೇ ಕದ್ದದ್ದನ್ನು ತಮ್ಮದೇ ಒಂದು ಡಿಸ್ಕ್‌ನಿಂದ ಇನ್ನೊಂದಕ್ಕೆ ಹಾಕಿಕೊಂಡರೂ ಇದೇ ವೇಗ, ಇದೇ ಗುರುತು ಬರುತ್ತದೆ.

ಎರಡು, ಸೆಕೆಂಡಿಗೆ 22.7 ಎಂಬಿ ಎಂದರೆ, ಇಂಟರ್ನೆಟ್ ಕಂಪನಿಗಳು ಜಾಹೀರಾತಿನಲ್ಲಿ ಹೇಳುವ ಮಾಪನದಲ್ಲಿ ಸುಮಾರು 182 ಎಂಬಿಪಿಎಸ್. ಮನೆ ಸಂಪರ್ಕಕ್ಕೆ ಆಗ ಅದು ಜಾಸ್ತಿಯೇ. ಡೇಟಾ ಸೆಂಟರ್‌ಗಳ ನಡುವೆ ಅಸಾಧ್ಯವೇನಲ್ಲ.

ಮೂರು, ಅಮೆರಿಕದ ಸಮಯ ಇದ್ದರೆ ಯಂತ್ರ ಅಮೆರಿಕದಲ್ಲಿರಬಹುದು, ಅಥವಾ ಸೆಟ್ಟಿಂಗ್ ಹಾಗಿರಬಹುದು. ಯಂತ್ರ ಅಲ್ಲೇ ಇದ್ದರೂ ಅದನ್ನು ಓಡಿಸುವವರು ಅಲ್ಲಿರಬೇಕಿಲ್ಲ. ರಷ್ಯನ್ನರು ಅರಿಜೋನಾ ಮತ್ತು ಇಲಿನಾಯ್ ರಾಜ್ಯಗಳಲ್ಲಿ ಬಾಡಿಗೆಗೆ ಹಿಡಿದ ಕಂಪ್ಯೂಟರ್‌ಗಳನ್ನು ಬಳಸಿದ್ದರು ಎಂದು ಆಮೇಲಿನ ಆರೋಪಪಟ್ಟಿ ಹೇಳಿತು.

ನಾಲ್ಕನೆಯದೇ ದೊಡ್ಡದು. ಎನ್‌ಜಿಪಿ ವ್ಯಾನ್ ಕಟ್ಟು ಬೇರೆ, ವಿಕಿಲೀಕ್ಸ್ ಪ್ರಕಟಿಸಿದ ಇಮೇಲ್‌ಗಳು ಬೇರೆ. ಒಂದರ ವೇಗ ಅಳೆದು ಇನ್ನೊಂದರ ಕಳ್ಳನನ್ನು ಹಿಡಿಯಲಾಗದು.

ವಿಪ್ಸ್ ಗುಂಪಿನೊಳಗೇ ಕೆಲವರು ಈ ಪತ್ರವನ್ನು ಒಪ್ಪದೆ ಭಿನ್ನಮತ ಬರೆದರು. ವಾದವನ್ನು ಆಧರಿಸಿ 2017ರ ಆಗಸ್ಟ್‌ನಲ್ಲಿ ಲೇಖನ ಹಾಕಿದ್ದ ‘ದ ನೇಷನ್’ ಪತ್ರಿಕೆ, ಆಮೇಲೆ ಅದನ್ನು ಮರುಪರಿಶೀಲನೆಗೆ ಒಳಪಡಿಸಿ ಆ ಭಿನ್ನಮತವನ್ನೂ ಪ್ರಕಟಿಸಿತು.

ಹೊರಗಿನವರ ಕೈವಾಡಕ್ಕೆ ಏನು ಆಧಾರ?

ಗುಸಿಫರ್ 2.0 ಮೊದಲು ಹಾಕಿದ ಕಡತಗಳಲ್ಲಿ ರಷ್ಯನ್ ಲಿಪಿಯಲ್ಲಿ ‘ಫೆಲಿಕ್ಸ್ ಎಡ್ಮುಂಡೊವಿಚ್’ ಎಂಬ ಬಳಕೆದಾರರ ಹೆಸರಿತ್ತು. ಸೋವಿಯತ್ ಗುಪ್ತ ಪೊಲೀಸ್ ಪಡೆಯನ್ನು ಕಟ್ಟಿದ ಜೆರ್ಜಿನ್‌ಸ್ಕಿಯ ಹೆಸರು ಮತ್ತು ಪಿತೃನಾಮ ಇವು. ಇದೇ ಪುರಾವೆ ಎಂದು ಅನೇಕರು ಕುಣಿದರು. ಆದರೆ ಮೇಲಿನ ಮಾತನ್ನು ಇಲ್ಲಿಯೂ ಅನ್ವಯಿಸಬೇಕು. ಇದು ಮೆಟಾಡೇಟಾ, ಯಾರಾದರೂ ಬೇಕೆಂದೇ ತುರುಕಿರಬಹುದು. ನಮಗೆ ಹಿಡಿಸುವ ಸಾಕ್ಷ್ಯಕ್ಕೆ ಒಂದು ನ್ಯಾಯ, ಹಿಡಿಸದ್ದಕ್ಕೆ ಇನ್ನೊಂದು ನ್ಯಾಯ ಆಗಬಾರದು.

ಗಟ್ಟಿ ಸಾಕ್ಷ್ಯ ಬೇರೆ ಕಡೆ ಇದೆ. 2018ರ ಜುಲೈ 13ರಂದು ಅಮೆರಿಕದ ವಿಶೇಷ ತನಿಖಾಧಿಕಾರಿ ರಾಬರ್ಟ್ ಮುಲ್ಲರ್ ಅವರ ತಂಡ, ರಷ್ಯಾದ ಸೇನಾ ಗುಪ್ತಚರ ಸಂಸ್ಥೆ ಜಿಆರ್‌ಯುನ 12 ಅಧಿಕಾರಿಗಳ ಮೇಲೆ ಆರೋಪ ಹೊರಿಸಿತು. 26165 ಮತ್ತು 74455 ಎಂಬ ಎರಡು ಘಟಕಗಳ ಹೆಸರು ಅದರಲ್ಲಿದೆ. ‘ಎಕ್ಸ್-ಏಜೆಂಟ್’ ಎಂಬ ಮಾಲ್‌ವೇರ್ ಒತ್ತಿದ ಕೀಲಿಗಳನ್ನೂ ಪರದೆಯ ಚಿತ್ರಗಳನ್ನೂ ಕದಿಯುತ್ತಿತ್ತು. ‘ಎಕ್ಸ್-ಟನಲ್’ ಎಂಬ ಇನ್ನೊಂದು ಅವನ್ನು ಹೊರಗೆ ಸಾಗಿಸುತ್ತಿತ್ತು. ಎಕ್ಸ್-ಏಜೆಂಟ್‌ನ ಲಿನಕ್ಸ್ ರೂಪವೊಂದು 2016ರ ಅಕ್ಟೋಬರ್ ಸುಮಾರಿನವರೆಗೂ ಡಿಎನ್‌ಸಿ ನೆಟ್‌ವರ್ಕ್‌ನಲ್ಲಿ ಉಳಿದೇ ಇತ್ತು ಎನ್ನುತ್ತದೆ ಆರೋಪಪಟ್ಟಿ.

ಅದರಲ್ಲಿ ಒಂದು ಸಣ್ಣ ವಿವರ ಬಲು ಸ್ವಾರಸ್ಯದ್ದು. 2016ರ ಜೂನ್ 15ರಂದು, ಮಾಸ್ಕೋ ಸಮಯ ಸಂಜೆ 4.19ರಿಂದ 4.56ರ ನಡುವೆ, 74455 ಘಟಕ ಬಳಸುತ್ತಿದ್ದ ಸರ್ವರ್‌ನಿಂದ ಯಾರೋ ಕೆಲವು ಇಂಗ್ಲಿಷ್ ಪದಪುಂಜಗಳನ್ನು ಹುಡುಕಿದರು. ‘ಸಮ್ ಹಂಡ್ರೆಡ್ ಶೀಟ್ಸ್’, ‘ವರ್ಲ್ಡ್‌ವೈಡ್ ನೋನ್’ ಇತ್ಯಾದಿ. ಅದೇ ಸಂಜೆ 7.02ಕ್ಕೆ ಗುಸಿಫರ್ 2.0ನ ಮೊದಲ ಬರಹ ಪ್ರಕಟವಾಯಿತು. ಆ ಪದಪುಂಜಗಳು ಅದರಲ್ಲಿದ್ದವು. ಇಂಗ್ಲಿಷ್ ಸರಿಯಿದೆಯೇ ಎಂದು ಮೊದಲೇ ನೋಡಿಕೊಂಡಂತೆ ಕಾಣುತ್ತದೆ. ಕಡತದ ದಿನಾಂಕದಂತೆ ಇದನ್ನು ಕಡತದೊಳಗೆ ತಿದ್ದಲಾಗದು. ಹುಡುಕಿದ ದಾಖಲೆ ಬೇರೆಯೇ ಕಡೆ ಇರುತ್ತದೆ.

ಪೊಡೆಸ್ಟಾ ಅವರ ಪ್ರಕರಣ ಇನ್ನೂ ಸರಳ. 2016ರ ಮಾರ್ಚ್ 19ರಂದು ಅವರಿಗೆ ಗೂಗಲ್‌ನ ಎಚ್ಚರಿಕೆಯಂತೆ ಕಾಣುವ ಮೇಲ್ ಬಂತು. ಪಾಸ್‌ವರ್ಡ್ ಬದಲಿಸಿ ಎಂದು ಕಿರು ಲಿಂಕ್ ಕೊಟ್ಟಿತ್ತು. ಇಂಥ ಮೋಸಕ್ಕೆ ಸ್ಪಿಯರ್ ಫಿಶಿಂಗ್ ಎನ್ನುತ್ತಾರೆ, ಒಬ್ಬರನ್ನೇ ಗುರಿಯಿಟ್ಟು ಹಾಕುವ ಗಾಳ. ಲಿಂಕ್ ತಯಾರಿಸಿದವರು ತಮ್ಮ ಖಾತೆಯನ್ನು ಖಾಸಗಿ ಮಾಡಲು ಮರೆತಿದ್ದರು. ಸೆಕ್ಯೂರ್‌ವರ್ಕ್ಸ್ ಎಂಬ ಕಂಪನಿ ಅದನ್ನು ಜಾಲಾಡಿದಾಗ, ಅದೇ ಗಾಳ ಸುಮಾರು 3,900 ಜಿಮೇಲ್ ಖಾತೆಗಳಿಗೆ ಬಿದ್ದಿದ್ದು ಕಂಡಿತು. ರಷ್ಯಾದ ನೆರೆಯ ದೇಶಗಳ ಅಧಿಕಾರಿಗಳು, ಪತ್ರಕರ್ತರು, ಸೇನೆಯವರು ಅದರಲ್ಲಿದ್ದರು. ಡಿಎನ್‌ಸಿಯ ಒಳಗೆ ಮುನಿಸಿಕೊಂಡ ನೌಕರನೊಬ್ಬ ಇಷ್ಟು ಜನರಿಗೆ ಗಾಳ ಹಾಕಲು ಕಾರಣವೇ ಇಲ್ಲ.

ನಿಮಗೆ ಬರಬಹುದಾದ ಅನುಮಾನಗಳು

ಎಫ್‌ಬಿಐ ಸರ್ವರನ್ನೇ ಏಕೆ ವಶಪಡಿಸಿಕೊಳ್ಳಲಿಲ್ಲ? ನಿಜ, ಯಂತ್ರಗಳು ಎಫ್‌ಬಿಐ ಕೈಗೆ ಹೋಗಲಿಲ್ಲ. ಕ್ರೌಡ್‌ಸ್ಟ್ರೈಕ್ ತೆಗೆದ ‘ಇಮೇಜ್’ಗಳು ಹೋದವು. ಇಮೇಜ್ ಎಂದರೆ ಡಿಸ್ಕ್‌ನ ಪ್ರತಿ ಬಿಟ್ಟನ್ನೂ ಇದ್ದಂತೆ ಎತ್ತಿಕೊಂಡ ಪೂರ್ಣ ನಕಲು. ನೇರ ಪ್ರವೇಶ ಸಿಕ್ಕಿದ್ದರೆ ಒಳ್ಳೆಯದಿತ್ತು ಎಂದು ಅಂದಿನ ಎಫ್‌ಬಿಐ ನಿರ್ದೇಶಕ ಜೇಮ್ಸ್ ಕೋಮಿ ಅವರೇ ಸಂಸತ್ ಸಮಿತಿಗೆ ಹೇಳಿದರು. ಆದರೆ ತನಿಖೆಯಲ್ಲಿ ಇಮೇಜ್ ಬಳಸುವುದು ರೂಢಿಯೇ. ಓಡುತ್ತಿರುವ ಯಂತ್ರದ ಪ್ಲಗ್ ಕಿತ್ತು ಒಯ್ದರೆ ಮೆಮೊರಿಯಲ್ಲಿದ್ದ ಸುಳಿವು ಅಳಿದೇಹೋಗುತ್ತದೆ.

ಕ್ರೌಡ್‌ಸ್ಟ್ರೈಕ್ ಹಿಂದೆ ಸರಿಯಿತಂತೆ, ಹೌದೇ? ಆ ಕಂಪನಿಯ ಶಾನ್ ಹೆನ್ರಿ 2017ರ ಡಿಸೆಂಬರ್‌ನಲ್ಲಿ ಕೊಟ್ಟ ಸಾಕ್ಷ್ಯ 2020ರ ಮೇ ತಿಂಗಳಲ್ಲಿ ಬಹಿರಂಗವಾಯಿತು. ದತ್ತಾಂಶ ಹೊರಹೋದದ್ದನ್ನು ಕಣ್ಣಾರೆ ಕಂಡಂಥ ನೇರ ಪುರಾವೆ ತಮ್ಮಲ್ಲಿಲ್ಲ, ಸಾಗಿಸಲು ಸಜ್ಜು ಮಾಡಿದ ಕುರುಹುಗಳಿವೆ ಎಂಬುದು ಅವರ ಮಾತಿನ ಸಾರ. ಕಂಪನಿ ಕಾವಲಿಗೆ ಕೂತ ಮೇಲೂ ಮೇ ಕೊನೆಯಲ್ಲಿ ಮೇಲ್‌ಗಳು ಹೇಗೆ ಹೋದವು ಎಂದು ಕೇಳುವವರ ಪ್ರಶ್ನೆಯೂ ಸಲ್ಲದ ಪ್ರಶ್ನೆಯಲ್ಲ. ಆದರೆ ನುಗ್ಗಿದವರು ಯಾರು ಎಂಬ ಬಗ್ಗೆ ಹೆನ್ರಿ ಮಾತು ಬದಲಿಸಲಿಲ್ಲ. ಮೇ 25ರಿಂದ ಜೂನ್ 1ರ ಸುಮಾರಿಗೆ ಮೇಲ್ ಸರ್ವರ್‌ಗೆ ಕೈಹಾಕಿದ್ದರ ವಿವರ ಮುಲ್ಲರ್ ತಂಡದ ಅಂತಿಮ ವರದಿಯಲ್ಲಿದೆ. ವಿಕಿಲೀಕ್ಸ್ ಸಂಗ್ರಹದ ಮೇಲ್‌ಗಳೂ ಮೇ 25ಕ್ಕೇ ನಿಲ್ಲುತ್ತವೆ.

ಕೊಲೆಯಾದ ನೌಕರನ ಕತೆ ಏನು? 2016ರ ಜುಲೈ 10ರ ನಸುಕಿನಲ್ಲಿ, 27 ವರ್ಷದ ಡಿಎನ್‌ಸಿ ನೌಕರನೊಬ್ಬ ವಾಷಿಂಗ್ಟನ್ನಿನ ಬೀದಿಯಲ್ಲಿ ಗುಂಡೇಟಿಗೆ ಬಲಿಯಾದ. ದರೋಡೆ ಯತ್ನವಿರಬೇಕು ಎಂದು ಪೊಲೀಸರು ಹೇಳಿದರು. ವಿಕಿಲೀಕ್ಸ್‌ನ ಜೂಲಿಯನ್ ಅಸಾಂಜ್ ಟಿವಿ ಸಂದರ್ಶನದಲ್ಲಿ ಅವನ ಹೆಸರು ಸುಳಿಯುವಂತೆ ಮಾತಾಡಿದ್ದೇ ತಡ, ಅವನೇ ಲೀಕ್ ಮಾಡಿದವನು ಎಂಬ ಗುಲ್ಲು ಜೋರಾಯಿತು. ಮುಲ್ಲರ್ ವರದಿಯ ದಿನಾಂಕಗಳನ್ನು ನೋಡಿ. ಗುಸಿಫರ್ 2.0 ಗೂಢಲಿಪಿಯ ಕಡತವನ್ನು ವಿಕಿಲೀಕ್ಸ್‌ಗೆ ಕಳಿಸಿದ್ದು ಜುಲೈ 14ರಂದು. ಸುಮಾರು 1 ಜಿಬಿಯ ಕಟ್ಟು ಕೈಸೇರಿದೆ ಎಂದು ಅಲ್ಲಿಂದ ಉತ್ತರ ಬಂದದ್ದು ಜುಲೈ 18ರಂದು. ಆ ಹುಡುಗ ತೀರಿಕೊಂಡು ಅಷ್ಟರಲ್ಲಿ ವಾರವಾಗಿತ್ತು. ಈ ಬಗ್ಗೆ ಸುದ್ದಿ ಮಾಡಿದ್ದ ಫಾಕ್ಸ್ ನ್ಯೂಸ್ 2017ರ ಮೇ 23ರಂದು ಅದನ್ನು ಹಿಂತೆಗೆದುಕೊಂಡಿತು. ಕುಟುಂಬ ಹೂಡಿದ ದಾವೆ 2020ರಲ್ಲಿ ರಾಜಿಯಲ್ಲಿ ಮುಗಿಯಿತು.

ಕೋರ್ಟಿನಲ್ಲಿ ಸಾಬೀತಾಗಿದೆಯೇ? ಇಲ್ಲ. ಆರೋಪಿಗಳು ರಷ್ಯಾದಲ್ಲಿದ್ದಾರೆ. ರಷ್ಯಾ ಆರೋಪ ಅಲ್ಲಗಳೆಯುತ್ತದೆ. ಸಾಕ್ಷ್ಯ ಪಾಟೀಸವಾಲಿಗೆ ಒಳಪಟ್ಟಿಲ್ಲ. 2016ರ ಬೇಸಿಗೆಯಲ್ಲಿ ಭೇಟಿಕೊಟ್ಟ ಮಧ್ಯವರ್ತಿಗಳ ಮೂಲಕವೂ ಕೆಲವು ಕಡತಗಳು ವಿಕಿಲೀಕ್ಸ್‌ಗೆ ತಲುಪಿರಬಹುದು, ಅದನ್ನು ತಳ್ಳಿಹಾಕಲಾರೆವು ಎಂದು ಮುಲ್ಲರ್ ವರದಿಯೇ ಹೇಳುತ್ತದೆ. ಇನ್ನೊಂದೆಡೆ, ರಿಪಬ್ಲಿಕನ್ನರ ಅಧ್ಯಕ್ಷತೆಯಲ್ಲಿದ್ದ ಸೆನೆಟ್ ಗುಪ್ತಚರ ಸಮಿತಿ ಎರಡೂ ಪಕ್ಷಗಳ ಸದಸ್ಯರೊಂದಿಗೆ ತನಿಖೆ ನಡೆಸಿ, 2020ರ ಆಗಸ್ಟ್‌ನಲ್ಲಿ ರಷ್ಯಾದತ್ತಲೇ ಬೊಟ್ಟು ಮಾಡಿತು.

ಶುಚಿಗೆ, ತನಿಖೆಗೆ ಎಷ್ಟು ಖರ್ಚಾಗುತ್ತದೆ?

ತನ್ನ ನೆಟ್‌ವರ್ಕ್ ಶುಚಿ ಮಾಡಲು ಡಿಎನ್‌ಸಿ 140ಕ್ಕೂ ಹೆಚ್ಚು ಸರ್ವರ್‌ಗಳನ್ನು ಸೇವೆಯಿಂದ ತೆಗೆಯಬೇಕಾಯಿತು, 180ಕ್ಕೂ ಹೆಚ್ಚು ಕಂಪ್ಯೂಟರ್‌ಗಳ ತಂತ್ರಾಂಶವನ್ನು ಅಳಿಸಿ ಹೊಸದಾಗಿ ಹಾಕಬೇಕಾಯಿತು. ಹಾಗೆಂದು ಅದು ಕೋರ್ಟಿಗೆ ಕೊಟ್ಟ ದೂರಿನಲ್ಲಿದೆ. ಮುಲ್ಲರ್ ತನಿಖೆ ಇಡಿಯಾಗಿ 22 ತಿಂಗಳು ನಡೆಯಿತು, ಸುಮಾರು 3.2 ಕೋಟಿ ಡಾಲರ್ ಖರ್ಚಾಯಿತು. ಇದರಲ್ಲಿ ಹ್ಯಾಕ್ ಒಂದು ಭಾಗ ಮಾತ್ರ.

ನಿಮಗೆ ಓದಲು ಮಾತ್ರ ಖರ್ಚಿಲ್ಲ. 448 ಪುಟಗಳ ಮುಲ್ಲರ್ ವರದಿಯೂ 29 ಪುಟಗಳ ಆರೋಪಪಟ್ಟಿಯೂ ಅಮೆರಿಕದ ನ್ಯಾಯ ಇಲಾಖೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಹೊತ್ತು ಕಡಿಮೆ ಇದ್ದರೆ ಆರೋಪಪಟ್ಟಿಯಿಂದ ಶುರು ಮಾಡಿ, ಒಂದು ಭಾನುವಾರ ಸಾಕು. ವರದಿಯಲ್ಲಾದರೆ ಮೊದಲ ಸಂಪುಟದ ಮೂರನೇ ಭಾಗ ನೋಡಿ. ಅಲ್ಲಲ್ಲಿ ಕಪ್ಪು ಪಟ್ಟಿ ಬಳಿದಿರುತ್ತಾರೆ. ತನಿಖೆಯ ತಂತ್ರ ಬಯಲಾಗದಿರಲಿ ಎಂಬಂಥ ಕಾರಣಗಳಿಗೆ ಮುಚ್ಚಿದ ಸಾಲುಗಳವು.

ನಮ್ಮ ಕಚೇರಿಯಲ್ಲೇ ಹೀಗಾದರೆ?

ಸೊಸೈಟಿ, ಶಾಲೆ, ಸಣ್ಣ ಕಂಪನಿ ಯಾವುದೇ ಇರಲಿ, ಮಾಹಿತಿ ಸೋರಿದರೆ ಮೊದಲು ಬೆರಳು ತೋರಿಸುವುದು ಒಳಗಿನವರತ್ತ. ಅದಕ್ಕೆ ಮುಂಚೆ ಮೂರು ಕೆಲಸ ಮಾಡಿ.

ಯಂತ್ರವನ್ನು ಫಾರ್ಮ್ಯಾಟ್ ಮಾಡಿಸಬೇಡಿ, ಸುಳಿವೆಲ್ಲ ಹೋಗುತ್ತದೆ. ಲಾಗ್‌ಗಳನ್ನು ಉಳಿಸಿ. ಸಂಸ್ಥೆಗಳು 180 ದಿನಗಳ ಲಾಗ್ ಇಟ್ಟುಕೊಳ್ಳಬೇಕು, ದೊಡ್ಡ ಸೈಬರ್ ಘಟನೆಯನ್ನು 6 ಗಂಟೆಯೊಳಗೆ ವರದಿ ಮಾಡಬೇಕು ಎಂದು ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರಲ್ಲೇ ಆದೇಶಿಸಿದೆ. ಮೂರನೆಯದಾಗಿ, ಕಡತದ ಹ್ಯಾಶ್ ಬರೆದಿಡಿ. ಹ್ಯಾಶ್ ಎಂದರೆ ಕಡತದ ಬೆರಳಚ್ಚು. ಒಂದು ಚುಕ್ಕೆ ಬದಲಾದರೂ ಇದು ಪೂರ್ತಿ ಬೇರೆಯಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ, ವಿದ್ಯುನ್ಮಾನ ದಾಖಲೆಯ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಈ ಹ್ಯಾಶ್ ನಮೂದಾಗಿರಬೇಕು. ದೂರು ಕೊಡಲು ನಿಮ್ಮ ಜಿಲ್ಲೆಯ ಸೆನ್ (ಸೈಬರ್ ಅಪರಾಧ) ಪೊಲೀಸ್ ಠಾಣೆಗೆ ಹೋಗಿ. ಹಣ ಹೋಗಿದ್ದರೆ ತಡಮಾಡದೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೊನೆಗೆ ಯಾರ ಮಾತು ಗಟ್ಟಿ?

ಒಳಗಿನ ಲೀಕ್ ಎಂಬ ವಾದ ಮುಖ್ಯವಾಗಿ ನಿಂತಿರುವುದು ಒಂದು ಕಟ್ಟಿನ ದಿನಾಂಕಗಳ ಮೇಲೆ, ಅದೂ ವಿಕಿಲೀಕ್ಸ್ ಪ್ರಕಟಿಸಿದ ಕಟ್ಟಲ್ಲ. ಹೊರಗಿನ ಹ್ಯಾಕ್ ಎಂಬ ಮಾತಿಗೆ ಮಾಲ್‌ವೇರ್, ಬಾಡಿಗೆ ಸರ್ವರ್, ಗಾಳದ ಲಿಂಕ್, ಹುಡುಕಾಟದ ದಾಖಲೆ, ಸಂದೇಶಗಳ ದಿನಾಂಕ ಎಲ್ಲವೂ ಬೇರೆ ಬೇರೆ ಮೂಲಗಳಿಂದ ಬಂದು ಒಂದೇ ಕಡೆ ಕೂಡುತ್ತವೆ. ಕೋರ್ಟಿನ ಮುದ್ರೆ ಬಿದ್ದಿಲ್ಲ, ಕೊನೆಯ ಹೆಜ್ಜೆಯಲ್ಲಿ ಕೆಲವು ಎಳೆ ಬಿಡಿಯಾಗಿವೆ. ಆದರೂ ಇವತ್ತು ಲಭ್ಯವಿರುವ ದಾಖಲೆಗಳಲ್ಲಿ ತೂಕ ಹೊರಗಿನ ಕೈವಾಡದ ಕಡೆಗೇ ಇದೆ. ಮುಂದೆ ಯಾವ ಹಗರಣದಲ್ಲೇ ಆಗಲಿ, ಯಾರಾದರೂ ಒಂದೇ ಒಂದು ಕಡತದ ದಿನಾಂಕ ತೋರಿಸಿ ತೀರ್ಪು ಕೊಡಲು ಹೊರಟರೆ ಕೇಳಿ: ಇದು ಮೊದಲ ನಕಲೋ, ಕೊನೆಯ ನಕಲೋ? ಇದೇ ಮಾತನ್ನು ಹೇಳುವ ಎರಡನೇ ಸಾಕ್ಷಿ ಎಲ್ಲಿ?